ಜೀಪಿನ ಎಡಮಗ್ಗುಲು

ಮಸಿನಗುಡಿಯಲ್ಲಿ ನಂಜುಂಡಿಯ ಶೆಡ್ಡು ಎಲ್ಲಿ ಎಂದು ಕೇಳಿದರೆ ಯಾರೂ ನೇರವಾಗಿ ದಾರಿ ಹೇಳುವುದಿಲ್ಲ. "ಮಲಗಿ ನೋಡೋನ ಹತ್ರಾನಾ?" ಎಂದು ತಿರುಗಿ ಕೇಳುತ್ತಾರೆ. ಹೌದೆಂದರೆ ನಕ್ಕು ಕೈ ತೋರಿಸುತ್ತಾರೆ.

ನಂಜುಂಡಿ ಬಡಗಿ. ಅವನಪ್ಪ ಎತ್ತಿನ ಗಾಡಿಯ ಚಕ್ರ ಮಾಡಲು ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವನು. ಮಗ ಬಾಗಿಲು, ಮಂಚ ಮಾಡಿಕೊಂಡಿದ್ದ. ಆಮೇಲೆ ಕಾಲ ತಿರುಗಿತು. ಬಾಗಿಲು ಮಂಚಗಳು ಅಂಗಡಿಯಲ್ಲಿ ರೆಡಿಮೇಡ್ ಸಿಗತೊಡಗಿದವು. ಇತ್ತ ರೆಸಾರ್ಟುಗಳ ಹಿಂದೆಯೇ ಜೀಪುಗಳು ಬಂದವು. ಜೀಪಿನವರಿಗೆ ಲಡಾಖ್, ಸ್ಪಿತಿ, ಕಛ್ ಎಂಬ ದೂರದ ಹುಚ್ಚು ಹಿಡಿಯಿತು. ವಾರಗಟ್ಟಲೆ ಗಾಡಿಯಲ್ಲೇ ಉಣ್ಣಬೇಕು, ಗಾಡಿಯಲ್ಲೇ ಬಾಳಬೇಕು. ಅಷ್ಟು ಸಾಮಾನನ್ನು ಹಿಂದೆ ಎಲ್ಲಿ ತುಂಬುವುದು, ಹೇಗೆ ತುಂಬುವುದು? ಹೀಗೆ ನಂಜುಂಡಿಗೆ ಹೊಸ ಕೆಲಸ ಹುಟ್ಟಿತು.

ಅವನ ಪದ್ಧತಿ ಹೀಗೆ. ಮೊದಲು ಹೊರುವ ಸಾಮಾನನ್ನೆಲ್ಲ ಅಂಗಳದ ಟಾರ್ಪಾಲಿನ ಮೇಲೆ ಹರವಿಸುತ್ತಾನೆ. ನೀರಿನ ಕ್ಯಾನು, ಬ್ಯಾಟರಿ, ಟೂಲ್ ಪೆಟ್ಟಿಗೆಗಳಂಥ ಭಾರದವು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಬೇಕು. ಭಾರವೆಲ್ಲ ಹಿಂಬಾಗಿಲಿಗೆ ಬಿದ್ದರೆ ಘಾಟಿಯಲ್ಲಿ ಮುಂದಿನ ಚಕ್ರ ನೆಲವನ್ನು ಕಚ್ಚುವುದಿಲ್ಲ. ಹಾಸಿಗೆ, ಟೆಂಟು ಮೇಲೆ. ಸ್ಟೌವು, ಪಾತ್ರೆ ಬಾಗಿಲ ಬಳಿ, ಎಳೆದರೆ ಬರುವ ಡ್ರಾಯರಿನಲ್ಲಿ. ಪ್ರತಿಯೊಂದಕ್ಕೂ ನೆಲದ ಕೊಂಡಿಯಿಂದ ಬೆಲ್ಟು. ಕಟ್ಟದೆ ಇಟ್ಟ ಸೌಟು ಕೂಡ ಗಟ್ಟಿ ಬ್ರೇಕಿಗೆ ಕಲ್ಲಾಗಿ ಬಂದು ತಲೆಗೆ ಬಡಿಯುತ್ತದೆ. ಇದೆಲ್ಲವನ್ನೂ ಬೇರೆ ಕಡೆಯವರೂ ಮಾಡುತ್ತಾರೆ, ಇವನಿಗಿಂತ ನಯವಾಗಿಯೂ ಮಾಡುತ್ತಾರೆ.

ಬೇರೆ ಯಾರೂ ಮಾಡದ್ದೊಂದು ಇವನಲ್ಲಿದೆ. ಗಾಡಿಯ ಎಡಮಗ್ಗುಲನ್ನು ಅವನು ತುಂಬುವುದಿಲ್ಲ. ಹಿಂಬಾಗಿಲಿನಿಂದ ಮುಂದಿನ ಸೀಟಿನವರೆಗೆ ಒಂದಾಳು ಅಂಗಾತ ಮಲಗುವಷ್ಟು ಜಾಗ ಖಾಲಿ. ಕೆಲಸ ಮುಗಿದ ಮೇಲೆ ಚಪ್ಪಲಿ ಬಿಟ್ಟು, ಒಳಗೆ ಹತ್ತಿ, ಅಲ್ಲಿ ಕಾಲು ಚಾಚಿ ಮಲಗುತ್ತಾನೆ. ಮಂಡಿ ಮಡಚಬೇಕಾಗಿ ಬಂದರೆ ಎದ್ದು ಹಲಗೆ ಕೊಯ್ಯುತ್ತಾನೆ. ಸರಿಯಾದರೆ ಇಳಿದು, ಬಾಗಿಲನ್ನು ತೆರೆದೇ ಬಿಟ್ಟು, ಗಾಡಿಗೆ ಬೆನ್ನು ಹಾಕಿ ಒಂದಷ್ಟು ಹೊತ್ತು ನಿಲ್ಲುತ್ತಾನೆ. ಒಳಗಿರುವವರು ಬಟ್ಟೆ ಬದಲಿಸುತ್ತಿದ್ದರೆ ಹೊರಗಿನವರು ನಿಲ್ಲುತ್ತಾರಲ್ಲ, ಹಾಗೆ.

"ಯಾರಿಗಣ್ಣಾ ಕಾಯ್ತಾ ಇರೋದು?" ಎಂದು ಎದುರಿನ ಚಹಾ ಅಂಗಡಿಯ ಪೊನ್ನಮ್ಮ ಮೊದಮೊದಲು ಕೂಗುತ್ತಿದ್ದಳು. ಯಾರಿಗೆಂದು ತಿಳಿದ ಮೇಲೆ ಕೂಗುವುದು ಬಿಟ್ಟಳು.

ನಂಜುಂಡಿಯ ಹೆಂಡತಿ ಮಲ್ಲಾಜಮ್ಮ ದನ ಹೊಡೆದುಕೊಂಡು ಬರಲು ಹೋದವಳನ್ನು ಲಂಟಾನದ ಪೊದೆಯ ಮರೆಯಲ್ಲಿ ನಿಂತಿದ್ದ ಕಾಡುಕೋಣ ಎತ್ತಿ ಒಗೆಯಿತು. ಕೆಲವು ವರ್ಷಗಳ ಹಿಂದಿನ ಒಂದು ಮಳೆಯ ವಾರ ಅದು. ಆಂಬುಲೆನ್ಸು ಇನ್ನೊಬ್ಬರನ್ನು ಕರೆದುಕೊಂಡು ಗೂಡಲೂರಿನ ಕಡೆ ಹೋಗಿತ್ತು. ರೆಸಾರ್ಟಿನ ಗಾಡಿಗಳು ಗೆಸ್ಟುಗಳಿಗೆ ಆನೆ ತೋರಿಸಲು ಹೊರಟುಹೋಗಿದ್ದವು. ಹಳ್ಳಿಯಲ್ಲಿ ಇದ್ದದ್ದು ಸುರೇಂದ್ರನ್‌ನ ಜೀಪೊಂದೇ. ಗೂಡಲೂರು ಕಡೆಯ ಮಲಯಾಳಿ ಸುರೇಂದ್ರನ್ ಪಕ್ಕದ ಮನೆಯವನು, ಹಬ್ಬದೂಟಕ್ಕೆ ಎಲೆ ಹಾಕದಿದ್ದರೆ ಮುನಿಸಿಕೊಳ್ಳುವಷ್ಟು ಹತ್ತಿರದವನು. ಜೀಪೇನೋ ತಯಾರಾಗಿ ನಿಂತಿತ್ತು. ಆದರೆ ಹಿಂದಿನ ಬೆಂಚುಗಳನ್ನು ಕಿತ್ತು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎರಡಂತಸ್ತಿನ ಡ್ರಾಯರು ಕೂರಿಸಿ, ಮೇಲೆ ಫ್ರಿಡ್ಜಿಗೆ ಕಬ್ಬಿಣದ ಚೌಕಟ್ಟು ಬಿಗಿದಾಗಿತ್ತು. ಬಿಗಿದವನು ನಂಜುಂಡಿ. ಸಾಲದ್ದಕ್ಕೆ, ಎಷ್ಟು ಅಲುಗಾಡಿಸಿದರೂ ಕಿರ್ ಅನ್ನುವುದಿಲ್ಲ ಎಂದು ಅದರ ಮೇಲೆ ಬಡಿದು ತೋರಿಸಿದ್ದ.

ಮಲ್ಲಾಜಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಬೆನ್ನು ಮುರಿದ ಹೆಂಗಸನ್ನು. ನಂಜುಂಡಿ ಪಕ್ಕದಲ್ಲಿ ತುರುಕಿಕೊಂಡು ತಬ್ಬಿ ಹಿಡಿದ. ಶೆಡ್ಡಿನ ಮುಂದೆ ಬಂದಾಗ, "ನಿಲ್ಸ್ಲಾ, ಸ್ಪಾನರು ತಕ್ಕೊಂಡು ಬಿಚ್ಬುಡ್ತೀನಿ" ಎಂದ. ಸುರೇಂದ್ರನ್ ನಿಲ್ಲಿಸಲಿಲ್ಲ. ನೀನು ಬಿಚ್ಚುವಷ್ಟರಲ್ಲಿ ಊಟಿ ಬಂದಿರುತ್ತದೆ ಎಂದ. ಅದು ತಪ್ಪು ಲೆಕ್ಕವೇನಲ್ಲ. ಕಲ್ಲಟ್ಟಿ ಘಾಟಿ ಶುರುವಾಯಿತು. ಪ್ರತಿ ತಿರುವಿಗೂ ಅವಳು ಒಂದೇ ಮಾತು ಹೇಳಿದಳು. "ಒಸಿ ಮನಗಿಸಿ." ತಿರುವುಗಳು ಮುಗಿಯುವ ಮೊದಲೇ ಮಾತು ನಿಂತಿತು. ಊಟಿಯ ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಇಳಿಸಿದಾಗ ಮೈ ಕೂತ ಭಂಗಿಯಲ್ಲೇ ಇತ್ತು.

ಮಲಗಿಸಿ ತಂದಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಸಮಾಧಾನಕ್ಕೆ ಆಡಿದ ಮಾತು. ನಂಜುಂಡಿಗೆ ಅದರಿಂದ ಏನೂ ಆಗಲಿಲ್ಲ. ಅವಳು ಬದುಕಿಸಿ ಎಂದು ಕೇಳಿರಲಿಲ್ಲ, ಮಲಗಿಸಿ ಎಂದಿದ್ದಳು.

ಕಾಡುಪ್ರಾಣಿಯ ದಾಳಿ ಎಂದು ಎಲ್ಲರೂ ಕೈತೊಳೆದುಕೊಂಡರು. ಪ್ರಾಣಿಯದ್ದು ಪ್ರಾಣಿಯ ಪಾಡು. ಮನುಷ್ಯರದ್ದೇನು? ನಾಲ್ಕು ಚಕ್ರಕ್ಕೂ ಬಲವಿರುವ ಗಾಡಿಗಳು ಈ ಊರಿನ ಬೀದಿಯಲ್ಲಿ ನಿಲ್ಲುವಷ್ಟು ಸುತ್ತಲ ಯಾವ ಪೇಟೆಯಲ್ಲೂ ನಿಲ್ಲುವುದಿಲ್ಲ. ಅವು ಇಳಿಯದ ಕೊರಕಲಿಲ್ಲ, ಹತ್ತದ ದಿಬ್ಬವಿಲ್ಲ. ಬಿಯರು ತಣ್ಣಗಿರಲು ಅವುಗಳಲ್ಲಿ ಜಾಗವಿದೆ, ಮಡಚುವ ಕುರ್ಚಿಗೆ ಜಾಗವಿದೆ, ಸಾಕಿದ ನಾಯಿಯ ಹಾಸಿಗೆಗೂ ಇದೆ. ಊರಿನವರೊಬ್ಬರು ನೆಲಕ್ಕೆ ಬಿದ್ದ ದಿನ ಮಾತ್ರ ಎಲ್ಲ ಗಾಡಿಯೂ ಭರ್ತಿ.

ಅಂದಿನಿಂದ ಗಾಡಿಯ ಖಾಲಿ ಮಗ್ಗುಲಲ್ಲಿ ಮಲಗಿದಾಗಲೆಲ್ಲ ನಂಜುಂಡಿಗೆ ಮುಂದಿನ ಸೀಟಿನ ಸ್ಪ್ರಿಂಗು ಅದುಮಿದ ಸದ್ದು ಕೇಳುತ್ತದೆ. ಗಾಡಿ ಯಾರದ್ದಾದರೂ ಆಗಲಿ, ಎಷ್ಟೇ ಹೊಸದಿರಲಿ. ತಲೆಯೆತ್ತಿ ನೋಡಲು ಅವನಿಗೆ ಧೈರ್ಯವಿಲ್ಲ. ಜಾಗ ಬೆಚ್ಚಗಾಗುವವರೆಗೆ ಮಲಗಿದ್ದು, "ಬಾ, ಮನಗು" ಎಂದು ಮೆಲ್ಲಗೆ ಹೇಳಿ ಇಳಿಯುತ್ತಾನೆ. ಬೆನ್ನು ಹಾಕಿ ನಿಲ್ಲುವುದು ಅದಕ್ಕೆ.

ಸುರೇಂದ್ರನ್ ಮತ್ತು ಅವನ ನಡುವೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಸುರೇಂದ್ರನ್ ಡ್ರಾಯರುಗಳನ್ನು ಯಾರಿಗೋ ಕೊಟ್ಟು ಬೆಂಚುಗಳನ್ನು ಮತ್ತೆ ಹಾಕಿಸಿಕೊಂಡ. ಊರಿನ ಬಸುರಿಯರನ್ನು, ಜ್ವರದವರನ್ನು ಕರೆದೊಯ್ದ. ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದರು, ಅಷ್ಟೆ.

ಈ ವರ್ಷ ಮಳೆ ಹಿಡಿಯುವ ಮುಂಚೆ ಅದೇ ಜೀಪು ಶೆಡ್ಡಿನ ಮುಂದೆ ಬಂದು ನಿಂತಿತು.

"ಚೇಟ್ಟಾ," ಎಂದ ಸುರೇಂದ್ರನ್. ಅಣ್ಣ ಎಂಬುದಕ್ಕೆ ಅವನ ಮಾತು ಅದು. ಬಹಳ ಕಾಲದ ಮೇಲೆ ಕರೆದದ್ದರಿಂದ ಅವನಿಗೇ ಅದು ಒರಟಾಗಿ ಕೇಳಿಸಿತು. "ಒಂದು ಪಾರ್ಟಿ ಸಿಕ್ಕಿದೆ. ಲಡಾಖ್‌ಗೆ. ಹೋಗಿ ಬರೋಕೆ ಒಂದು ತಿಂಗಳು. ಹಿಂದೆ ಪೂರ್ತಿ ಡ್ರಾಯರ್ ಬೇಕಂತೆ."

"ಎಡಗಡೆ ಬುಟ್ಟು ಮಾಡ್ತೀನಿ."

"ಪೂರ್ತಿ ಅಂದ್ನಲ್ಲ. ಅರ್ಧ ಮಾಡಿದ್ರೆ ಅವ್ರು ಬೇರೆ ಗಾಡಿ ನೋಡ್ಕೋತಾರೆ."

"ನೋಡ್ಕೊಳ್ಳಿ."

"ನಿನಗೇನು ಚೇಟ್ಟಾ, ಹೇಳ್ತೀಯ. ಸಫಾರಿ ಬಾಡಿಗೆ ನಿಂತು ಎಷ್ಟು ಕಾಲ ಆಯ್ತು? ಗಾಡಿ ನಿಲ್ಲಿಸ್ಕೊಂಡು ನಾನು ಅದಕ್ಕೆ ಹೂ ಮುಡಿಸ್ಲಾ?"

ನಂಜುಂಡಿ ಉಳಿಯ ಬಾಯನ್ನು ಕಲ್ಲಿಗೆ ಉಜ್ಜುತ್ತಾ ಇದ್ದ. ಸುರೇಂದ್ರನ್‌ಗೆ ರೇಗಿತು.

"ಇಷ್ಟು ಗಾಡಿಗೆ ಜಾಗ ಬಿಟ್ಟೆಯಲ್ಲ, ಅವೆಲ್ಲ ಯಾರ ಊರಿಗೆ ಹೋದ್ವು? ಅದ್ರಲ್ಲಿ ಯಾರು ಮಲಗಿದ್ರು? ಬೆಂಗಳೂರಿನವರ ಕೊಡೆ ಮಲಗಿರುತ್ತೆ, ಅಷ್ಟೇ!"

ಉಳಿ ನಿಂತಿತು. ಈ ಮಾತನ್ನು ನಂಜುಂಡಿ ತನಗೆ ತಾನೇ ಅದೆಷ್ಟೋ ಸಲ ಆಡಿಕೊಂಡಿದ್ದ. ಇನ್ನೊಬ್ಬರ ಬಾಯಿಂದ ಕೇಳಿದ್ದು ಇದೇ ಮೊದಲು.

"ಸರಿ, ಪೂರ್ತಿನೇ ಮಾಡ್ತೀನಿ," ಎಂದ ಕೊನೆಗೆ. "ಆದ್ರೆ ಎಡಗಡೆದು ಬ್ಯಾರೆ ಪೆಟ್ಟಿಗೆ. ಅದಕ್ಕೆ ಬೋಲ್ಟ್ ಹಾಕಾಕಿಲ್ಲ. ಕೈಯಲ್ಲೇ ತಿರುಗ್ಸೋ ರೆಕ್ಕೆ ನಟ್ಟು. ಸ್ಪಾನರು ಬ್ಯಾಡ. ರೋಡ್ನಾಗೆ ಯಾರೇ ಬಿದ್ದಿದ್ರೂ ಪೆಟ್ಟಿಗೆ ಕೆಳಕ್ಕೆಸೆದು ಅವರ್ನ ಮನಗಿಸ್ಬೇಕು. ಆಗ್ತದಾ?"

"ಪಾರ್ಟಿ ಸಾಮಾನು ಎಸೆಯೋದಾ?"

"ಎಸೆಯಾದು."

ಸುರೇಂದ್ರನ್ ನೆಲ ನೋಡಿದ. "ಹ್ಞೂಂ," ಎಂದ.

ಪೆಟ್ಟಿಗೆ ಸಿದ್ಧವಾದ ದಿನ ಬೆಳಗ್ಗೆ ಜಿಟಿಜಿಟಿ ಮಳೆ. ನಂಜುಂಡಿ ಅದರೊಳಗೆ ಸಾಮಾನಿನ ಭಾರಕ್ಕೆಂದು ಕಲ್ಲು ತುಂಬಿ, ಬೆಲ್ಟು ಬಿಗಿದು, "ಬಿಚ್ಚು" ಎಂದ. ಸುರೇಂದ್ರನ್ ಮೊದಲ ಸಲ ಬೆಲ್ಟಿನ ಬಕಲು ಹುಡುಕುವುದರಲ್ಲೇ ಬೆವೆತ. ಎರಡನೆಯ ಸಲ ನಟ್ಟನ್ನು ತಿರುಗಿಸಬೇಕಾದ ಕಡೆ ಬಿಟ್ಟು ಇನ್ನೊಂದು ಕಡೆ ತಿರುಗಿಸಿ ಬಿಗಿ ಮಾಡಿದ. ಪೊನ್ನಮ್ಮನ ಅಂಗಡಿಯ ಮುಂದೆ ಜನ ಸೇರಿದರು.

"ಏನ್ ಸುರೇಂದ್ರಣ್ಣಾ," ಎಂದಳು ಪೊನ್ನಮ್ಮ, "ನಿನ್ನ ನಂಬ್ಕೊಂಡು ಬಿದ್ದೋರು ತಾವೇ ಎದ್ದು ನಡ್ಕೊಂಡು ಹೋಗ್ತಾರೆ, ಪೋ!"

ಜನ ನಕ್ಕರು. ನಂಜುಂಡಿ ನಗಲಿಲ್ಲ. "ಇನ್ನೊಂದ್ಸಲ," ಎಂದ. ಇನ್ನೊಂದು ಸಲ, ಮತ್ತೊಂದು ಸಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು. ಸುರೇಂದ್ರನ್‌ನ ಬೆರಳ ಸಂದಿ ಸುಲಿದು ರಕ್ತ ಬಂದಾಗ ಪೆಟ್ಟಿಗೆ ಕೊನೆಗೂ ಸರ್ರನೆ ಜಾರಿ ಕೆಸರಿಗೆ ಬಿತ್ತು.

"ಈಗ ಮನಗು."

"ನಾನ್ಯಾಕೆ ಚೇಟ್ಟಾ? ಮಲಗೋದು ನಿನ್ನ ಕೆಲಸ."

"ನೀನೇ ಮನಗು ಅಂದ್ನಲ್ಲ."

ಸುರೇಂದ್ರನ್ ಒದ್ದೆ ಚಪ್ಪಲಿ ಬಿಟ್ಟು ಹತ್ತಿದ. ಆ ಜೀಪನ್ನು ಅಷ್ಟು ವರ್ಷ ಓಡಿಸಿದವನು ಅದರಲ್ಲಿ ಒಮ್ಮೆಯೂ ಬೆನ್ನು ಚಾಚಿರಲಿಲ್ಲ. ಮಲಗಿ, ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡ. ಕ್ಯಾನ್ವಾಸಿನ ಮೇಲೆ ಮಳೆ ತಟತಟ ಬೀಳುತ್ತಿತ್ತು. ನಂಜುಂಡಿ ಹಿಂಬಾಗಿಲಲ್ಲಿ ಎಂದಿನಂತೆ ಬೆನ್ನು ಹಾಕಿ ನಿಂತಿದ್ದ.

"ಚೇಟ್ಟಾ." ದನಿ ಬಹಳ ಸಣ್ಣಗಿತ್ತು. "ಮುಂದಿನ ಸೀಟಲ್ಲಿ ಯಾರು ಕೂತಿರೋದು?"

ತನ್ನ ಕಿವಿಯಲ್ಲಿ ಮಾತ್ರ ಇದೆ ಎಂದು ನಂಜುಂಡಿ ಅಂದುಕೊಂಡಿದ್ದ ಸದ್ದು ಅದು. ತಿರುಗಲಿಲ್ಲ.

"ಯಾರೂ ಇಲ್ಲ ಕನ," ಎಂದ.

"ಸೀಟು ಅದುಮಿದ ಹಾಗಾಯ್ತು."

"ಮಳೆ."

ಸುರೇಂದ್ರನ್ ಎದ್ದು ಕೂರಲಿಲ್ಲ. ಮುಖದ ಮೇಲೆ ತೋಳು ಅಡ್ಡ ಇಟ್ಟುಕೊಂಡ. "ಅವತ್ತು ಇಲ್ಲೇ, ಈ ಶೆಡ್ಡಿನ ಮುಂದೆ, ನಿಲ್ಲಿಸ್ಬೇಕಿತ್ತು," ಎಂದ. ನಂಜುಂಡಿ ಕೆಸರಿಗೆ ಬಿದ್ದಿದ್ದ ಪೆಟ್ಟಿಗೆಯ ಕಲ್ಲು ಸುರಿದು, ಅದನ್ನು ಎತ್ತಿ ಪಂಚೆಯಿಂದ ಒರೆಸತೊಡಗಿದ. ಆಮೇಲೆ ಇಬ್ಬರೂ ಸೇರಿ ಅದನ್ನು ಒಳಗೆ ಕೂರಿಸಿದರು.

ಜೀಪು ಹೊರಟಿತು. ಪಾರ್ಟಿಯ ಫ್ರಿಡ್ಜು, ಟೆಂಟು, ಕುರ್ಚಿ, ಎಲ್ಲ ತಂತಮ್ಮ ಗೂಡಿನಲ್ಲಿ ಕೂತು ತೆಪ್ಪಕಾಡಿನ ರಸ್ತೆ ಹಿಡಿದವು. ತಿರುವಿನಲ್ಲಿ ಮರೆಯಾದ ಮೇಲೆ ನಂಜುಂಡಿಗೆ ಹೊಳೆಯಿತು. ರೆಕ್ಕೆ ನಟ್ಟು, ಪಳಗಿದ ಕೈ, ಮಲಗುವ ಜಾಗ ಎಲ್ಲವೂ ಆ ಜೀಪಿನ ಜೊತೆಗೇ ಹೋಗಿದ್ದವು. ಹಳ್ಳಿಗೆ ಈ ತಿಂಗಳು ಗಾಡಿಯೇ ಇಲ್ಲ. ಅಷ್ಟೆಲ್ಲ ಅಳತೆ ಹಿಡಿದವನು ಇದನ್ನು ಅಳೆದಿರಲಿಲ್ಲ.

ರೆಸಾರ್ಟುಗಳ ಗೇಟಿಗೆ ಹೋಗಿ, ಯಾರಿಗಾದರೂ ಏನಾದರೂ ಆದರೆ ಗಾಡಿ ಕಳಿಸುತ್ತೀರಾ ಎಂದು ಕೇಳಿದ. ಒಂದು ಕಡೆ ನೋಡೋಣ ಎಂದರು. ಇನ್ನೊಂದು ಕಡೆ ಮ್ಯಾನೇಜರು ಊಟ ಮಾಡುತ್ತಿದ್ದಾರೆ ಎಂದರು. ಏನಾದರೂ ಆದಾಗ ಬಾ ಎಂದ ವಾಚ್‌ಮನ್ನು. ಅವನೊಬ್ಬನೇ ನಿಜ ಹೇಳಿದವನು.

ನಂಜುಂಡಿ ಶೆಡ್ಡಿಗೆ ಬಂದು, ಉಳಿದ ಪ್ಲೈವುಡ್ಡಿನಲ್ಲಿ ಆಳುದ್ದದ ಹಲಗೆ ಕೊಯ್ದ. ಎರಡೂ ತುದಿಗೆ ಹಿಡಿ ಹಾಕಿ, ಬೆಲ್ಟು ಜೋಡಿಸಿ, ತನ್ನ ಮನೆಯ ಜಗುಲಿಗೆ ಒರಗಿಸಿಟ್ಟ. ಯಾರು ಬಿದ್ದರೂ ಅಂಗಾತ ಮಲಗಿಸಿ ಮೇನ್ ರೋಡಿನವರೆಗಾದರೂ ಹೊತ್ತುಕೊಂಡು ಹೋಗಬಹುದು.

ಊರಿನವರ ಕಣ್ಣಿಗೆ ಅದು ಬೇರೆಯೇ ಆಗಿ ಬಿತ್ತು. ಹೆಂಗಸರು ಆ ದಾರಿ ಬಿಟ್ಟು ನಡೆದರು. ಒಬ್ಬ ಮುದುಕ ಅಂಗಳಕ್ಕೆ ಬಂದು ದೊಣ್ಣೆ ಕುಟ್ಟಿದ. "ಬದುಕಿರೋರ ಬೀದೀಲಿ ಚಟ್ಟ ಕಟ್ಟಿಟ್ಟಿದ್ದೀಯಲ್ಲೋ, ನಿಂಗೇನ್ ಬಂದದೆ?"

"ಚಟ್ಟ ಅಲ್ಲ ಕನಪ್ಪ. ಉಳಿಸ್ಕೊಳಕೆ."

"ಎಲ್ರೂ ನೋಡ್ತಾರೆ. ತೆಗಿ ಮೊದ್ಲು!"

ಪೊನ್ನಮ್ಮ ಹಾಲು ಕೊಡಲು ಬಂದವಳು ಮೆತ್ತಗೆ ಹೇಳಿದಳು. "ಒಳಗಿಟ್ಬಿಡಣ್ಣಾ. ಅಕ್ಕ ಹೋದ ಮನೆ ಮುಂದೆ ಅದನ್ನ ನೋಡೋಕಾಗಲ್ಲ."

ಒಳಗಿಟ್ಟ. ಬಾಗಿಲ ಹಿಂದೆ, ಕೈಗೆ ಸಿಗುವ ಹಾಗೆ. ಹಳ್ಳಿಯ ಯಾವ ಮನೆಯಲ್ಲಾದರೂ ಬಿಟ್ಟೂ ಬಿಡದೆ ಕೆಮ್ಮು ಕೇಳಿದರೆ ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ಬರುತ್ತಾನೆ. ಹಲಗೆಯ ಒಂದು ಹಿಡಿಯನ್ನು ಬಿಗಿಯಾಗಿ ಹಿಡಿದು ಹೊಸ್ತಿಲಲ್ಲಿ ನಿಂತು, ಇನ್ನೊಂದು ತುದಿ ಹಿಡಿಯಲು ಯಾರನ್ನು ಕೂಗಲಿ ಎಂದು ಬೀದಿಯ ಮನೆಗಳನ್ನು ಒಂದೊಂದಾಗಿ ನೋಡುತ್ತಾನೆ.