ಹೊಲಿದಿಟ್ಟ ನಾಲ್ಕು ಪುಟ

ಎರಡನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟಿದ್ದ ಹೆಸರು ಸ್ಕೇಲ್ ಮಿಸ್. ಹೊಡೆಯುತ್ತಾರೆಂದಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಮರದ ಸ್ಕೇಲು ಒಂದೇ ಒಂದು ಮಗುವಿನ ಅಂಗೈಯನ್ನೂ ಮುಟ್ಟಿರಲಿಲ್ಲ. ಅದು ಇದ್ದದ್ದು ಗೆರೆ ಎಳೆಯುವುದಕ್ಕೆ. ದಿನಾಂಕದ ಕೆಳಗೆ ಒಂದು, ಉತ್ತರದ ಕೆಳಗೆ ಎರಡು, ಹಾಳೆಯ ಎಡಕ್ಕೆ ಉದ್ದಕ್ಕೊಂದು. ಮನೆಯ ದಿನಸಿ ಚೀಟಿಗೂ ಅವರು ಮಾರ್ಜಿನ್ ಹಾಕುತ್ತಾರೆಂದು ಸ್ವಂತ ಗಂಡನೇ ಬಂದವರೆದುರು ಹೇಳಿಕೊಂಡು ನಗುತ್ತಿದ್ದರು.

ನಗಲಿ ಬಿಡಿ, ಆ ಗೆರೆಗಳೊಳಗೆ ಅವರ ಬದುಕು ಅಚ್ಚುಕಟ್ಟಾಗಿ ನಡೆದಿತ್ತು. ಕೂಡುವುದು ಮುಗಿದ ಮೇಲೆ ಕಳೆಯುವುದು, ಕಳೆಯುವುದು ಮುಗಿದ ಮೇಲೆ ಮಗ್ಗಿ. ಪ್ರಶ್ನೆಗಳೆಲ್ಲ ಪಾಠದ ಕೊನೆಯಲ್ಲಿ, ಉತ್ತರಗಳೆಲ್ಲ ಪುಸ್ತಕದ ಕೊನೆಯಲ್ಲಿ. ಹೀಗಿರುವಾಗ ತರಗತಿಯಲ್ಲಿ ನಿಂತು ‘ಗೊತ್ತಿಲ್ಲ’ ಎನ್ನುವ ಪ್ರಸಂಗ ಅವರಿಗೆ ಒಮ್ಮೆಯೂ ಬಂದಿರಲಿಲ್ಲ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಪ್ರತಿ ಪಾಠದ ಜೊತೆಗೂ ಒಂದು ಮಕ್ಕಳ ಕತೆಪುಸ್ತಕ ಓದಬೇಕಂತೆ. ಹಿಂದೆಯೇ ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕಗಳೂ ಬಂದವು. ಸ್ಕೇಲ್ ಮಿಸ್ ಒಂದೊಂದನ್ನೇ ತೆಗೆದು ನೋಡಿದರು. ಬೂಟು ಹಾಕಿಕೊಂಡ ಕಪ್ಪೆ, ಕೆಮ್ಮು ಹತ್ತಿದ ಮೋಡ, ಚಂದ್ರನಿಗೆ ಕಾಗದ ಬರೆಯುವ ಕತ್ತೆ. ತಲೆಬುಡ ತಿಳಿಯಲಿಲ್ಲ. ಕಪ್ಪೆಯ ಪುಸ್ತಕ ಹಿಡಿದುಕೊಂಡೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಇದು ಕೂಡುವ ಲೆಕ್ಕಕ್ಕೋ ಕಳೆಯುವ ಲೆಕ್ಕಕ್ಕೋ ಎಂದು ಕೇಳಿದರು. ಹೆಡ್‌ಮಾಸ್ಟರು ಕಪ್ಪೆಯನ್ನು ನೋಡಿದರು, ಸುತ್ತೋಲೆಯನ್ನು ನೋಡಿದರು, ಕೊನೆಗೆ ಕನ್ನಡಕ ಒರೆಸಿಕೊಂಡು, ನಿಮಗೆ ಸರಿ ಕಂಡ ಹಾಗೆ ಮಾಡಿ ಮೇಡಂ ಎಂದರು. ಇಪ್ಪತ್ತಾರು ವರ್ಷದಲ್ಲಿ ಯಾರೂ ಆಕೆಗೆ ಅಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಕೊನೆಗೂ ಒಂದು ಪುಸ್ತಕ ಸಿಕ್ಕಿತು. ಒಂದು ಕೆಂಪು ಬಸ್ಸು, ಅದರಲ್ಲಿ ಹತ್ತು ಪ್ರಾಣಿಗಳು. ಮೊದಲ ಸ್ಟಾಪಿನಲ್ಲಿ ಬಸವನಹುಳು ಇಳಿಯುತ್ತದೆ, ಎರಡನೆಯದರಲ್ಲಿ ಮೊಲ, ಆಮೇಲೆ ಮೇಕೆ. ಹೀಗೆ ಇಳಿಯುತ್ತ ಇಳಿಯುತ್ತ ಇಪ್ಪತ್ತನೇ ಪುಟಕ್ಕೆ ಬಸ್ಸು ಖಾಲಿ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು ಎಂದುಕೊಂಡರು ಮಿಸ್. ಕಳೆಯುವುದನ್ನು ಕಲಿಸಲು ಇದಕ್ಕಿಂತ ಬೇಕೆ? ಒಂದೇ ತೊಡಕು. ಇಪ್ಪತ್ತರ ಮೇಲೆ ಇನ್ನೂ ನಾಲ್ಕು ಪುಟಗಳಿದ್ದವು. ಇಪ್ಪತ್ತೊಂದರಲ್ಲಿ ಬಸ್ಸು ತಿರುಗಿ ಯಾರನ್ನೋ ಹತ್ತಿಸಿಕೊಳ್ಳುತ್ತಿತ್ತು. ಹತ್ತುವುದೆಂದರೆ ಕೂಡುವ ಲೆಕ್ಕ. ಕೂಡುವುದು ಹೋದ ತಿಂಗಳೇ ಮುಗಿದಿದೆ. ಎರಡನ್ನೂ ಕಲಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆಂದು ಅವರು ಮುಂದೆ ಓದಲೇ ಇಲ್ಲ.

ಅವರ ಗಂಡ ಪುಸ್ತಕಗಳಿಗೆ ಬೈಂಡ್ ಹಾಕುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಟಿನ ಡಬ್ಬಿ, ದಬ್ಬಳ, ಮೇಣ ತಿಕ್ಕಿದ ದಾರ, ಹಾಳೆ ಒತ್ತುವ ಕಬ್ಬಿಣದ ಪ್ರೆಸ್ಸು, ಇವುಗಳ ನಡುವೆ ಒಂದು ಮೋಟು ಸ್ಟೂಲಿನ ಮೇಲೆ ಅವರ ವಾಸ. ಊರಿನ ಅರ್ಧ ಪುಸ್ತಕಗಳಿಗೆ ಹೊಸ ಬೆನ್ನು ಕೊಟ್ಟವರು, ಒಂದನ್ನೂ ಬಿಡಿಸಿ ಓದಿದವರಲ್ಲ. ಸಂಜೆ ಮಿಸ್ ಬಸ್ಸಿನ ಪುಸ್ತಕವನ್ನು ಅವರ ಮುಂದಿಟ್ಟು, ಈ ಕೊನೆಯ ನಾಲ್ಕು ಪುಟ ತೆರೆಯದ ಹಾಗೆ ಹೊಲಿದುಕೊಡಿ ಎಂದರು.

ಅವರು ಪುಸ್ತಕವನ್ನು ಅತ್ತಿತ್ತ ತಿರುಗಿಸಿದರು. “ಕತೆ ಮುಗಿಯೋಕೆ ಮುಂಚೆನೇ ಹೊಲಿದುಬಿಡೋದಾ?”

“ಕತೆ ಅಲ್ಲ ರೀ, ಪಾಠ. ಪಾಠ ಇಪ್ಪತ್ತನೇ ಪುಟಕ್ಕೆ ಮುಗಿಯುತ್ತೆ.”

“ಬಿಚ್ಚಿಹೋದ ಪುಸ್ತಕಾನ ಓದೋ ಹಾಗೆ ಮಾಡೋದು ನನ್ನ ಕೆಲಸ ಅಂದ್ಕೊಂಡಿದ್ದೆ,” ಎಂದು ಗೊಣಗುತ್ತಲೇ ಅವರು ದಬ್ಬಳಕ್ಕೆ ದಾರ ಪೋಣಿಸಿದರು. ಕೆಲಸವೆಂದರೆ ಕೆಲಸ. ಹೊಲಿಗೆ ಎಷ್ಟು ಚೆನ್ನಾಗಿ ಬಂತೆಂದರೆ, ಪುಸ್ತಕ ಹುಟ್ಟಿದ್ದೇ ಹಾಗೇನೋ ಎನ್ನುವಂತಿತ್ತು.

ಮರುದಿನದ ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಮಿಸ್ ಓದಿದರು, ಪ್ರತಿ ಸ್ಟಾಪಿಗೂ ಮಕ್ಕಳು ಒಕ್ಕೊರಲಿನಿಂದ ಉಳಿದವರೆಷ್ಟೆಂದು ಕೂಗಿದರು. ಬಸ್ಸು ಖಾಲಿಯಾಯಿತು. “ಮತ್ತೆ?” ಎಂದಿತು ಮುಂದಿನ ಸಾಲು. “ಮತ್ತೇನಿಲ್ಲ. ಸೊನ್ನೆ,” ಎಂದು ಮಿಸ್ ಪುಸ್ತಕ ಮುಚ್ಚಿ, ಬೋರ್ಡಿನ ಮೇಲೆ ಸೊನ್ನೆ ಬರೆದು, ಕೆಳಗೆ ಎರಡು ಗೆರೆ ಎಳೆದರು.

ತೊಂದರೆ ಶುರುವಾದದ್ದು ಅದರ ಮಾರನೇ ದಿನ. ಮೊಲ ಯಾರ ಮನೆಗೆ ಹೋಯಿತು? ಮೇಕೆಗೆ ಸ್ಟಾಪ್ ಬಂದದ್ದು ಹೇಗೆ ಗೊತ್ತಾಯಿತು? ಡ್ರೈವರಿಗೆ ಒಬ್ಬನೇ ಹೋಗಲು ಬೇಜಾರಾಗಲಿಲ್ಲವೆ? ಇವು ಯಾವ ಪಾಠದ ಪ್ರಶ್ನೆಗಳೋ, ಉತ್ತರ ಯಾವ ಪುಟದಲ್ಲಿದೆಯೋ ಮಿಸ್ಸಿಗೆ ಹೊಳೆಯಲಿಲ್ಲ. ಸುಮ್ಮನೆ ಲೆಕ್ಕ ಮಾಡಿ ಎಂದು ಸ್ಕೇಲಿನಿಂದ ಮೇಜು ತಟ್ಟಿದರು.

ಎಲ್ಲರೂ ಮಾಡಿದರು, ಗುಬ್ಬಿಯೊಬ್ಬಳನ್ನು ಬಿಟ್ಟು. ಕಿಟಕಿ ಪಕ್ಕ ಕೂರುವ ಸಣ್ಣ ಹುಡುಗಿ ಅವಳು, ತರಗತಿಗೆಲ್ಲ ಲೆಕ್ಕದಲ್ಲಿ ಮುಂದು. ಅವಳ ಪುಸ್ತಕದಲ್ಲಿ ಕೂಡುವ ಲೆಕ್ಕಗಳೆಲ್ಲ ಸರಿಯಾಗಿದ್ದವು. ಕಳೆಯುವ ಲೆಕ್ಕಗಳ ಮುಂದೆ ಏನೂ ಇರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಕೇಳಿದರೆ ಬಾಯಿ ಬಿಡಳು.

ಬರುವ ಸೋಮವಾರ ಪರೀಕ್ಷೆಯಿತ್ತು. ಕಳೆಯಲು ಬಾರದವರು ವರ್ಷ ಮುಗಿಯುವತನಕ ಮಧ್ಯಾಹ್ನದ ಹೊತ್ತು ಒಂದನೇ ತರಗತಿಯಲ್ಲಿ, ಚಿಕ್ಕ ಬೆಂಚುಗಳ ಮೇಲೆ ಕೂರಬೇಕೆಂದು ನಿಯಮ. ನಿಯಮ ಮಾಡಿದ್ದೂ ಸ್ಕೇಲ್ ಮಿಸ್ಸೇ. ಈಗ ಅದೇ ನಿಯಮ ಗಂಟಲಲ್ಲಿ ಸಿಕ್ಕಿಕೊಂಡಿತು. ಗುಬ್ಬಿಯನ್ನು ಅಲ್ಲಿ ಕೂರಿಸುವುದೆ? ಬಿಟ್ಟರೆ ಉಳಿದವರಿಗೆ ಏನು ಹೇಳುವುದು? ಅಷ್ಟಕ್ಕೂ ವಾರದ ಹಿಂದೆ ಬೆರಳೂ ಮಡಿಚದೆ ಉತ್ತರ ಹೇಳುತ್ತಿದ್ದ ಮಗುವಿಗೆ ಆದದ್ದಾದರೂ ಏನು?

ಶುಕ್ರವಾರ ಎಲ್ಲರೂ ಆಟಕ್ಕೆ ಹೋದಾಗ ಮಿಸ್ ಅವಳನ್ನು ಮೇಜಿನ ಬಳಿ ನಿಲ್ಲಿಸಿಕೊಂಡರು. ಹತ್ತು ಸೀಮೆಸುಣ್ಣ ಸಾಲಾಗಿ ಇಟ್ಟರು. ಮೂರನ್ನು ತೆಗೆಯಲು ಕೈ ಚಾಚಿದರು. ಗುಬ್ಬಿ ಎರಡೂ ಕೈಗಳನ್ನು ಸೀಮೆಸುಣ್ಣದ ಮೇಲೆ ಹರಡಿ ಒತ್ತಿ ಹಿಡಿದಳು.

“ತೆಗೀಬೇಡಿ ಮಿಸ್.”

ಮಿಸ್ ಕೈ ಹಿಂದಕ್ಕೆ ತೆಗೆದುಕೊಂಡರು. ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯಾಯಿತು.

ಶಾಲೆ ಬಿಟ್ಟಾಗ ಗೇಟಿನ ಬಳಿ ಗುಬ್ಬಿಯ ಅಜ್ಜಿ ಸಿಕ್ಕರು. ಮೊಮ್ಮಗಳು ಮುಂದೆ ಓಡಿದ ಮೇಲೆ ಅಜ್ಜಿ ಮೆಲ್ಲಗೆ ವಿಷಯ ತೆಗೆದರು. ಮಗಳು, ಅಂದರೆ ಗುಬ್ಬಿಯ ಅಮ್ಮ, ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ತಿಂಗಳಾಗಿದೆ. ಬಸ್ಸು ಹತ್ತಿಸಲು ಮಗುವನ್ನೂ ಕರೆದುಕೊಂಡು ಹೋಗಿದ್ದರು. ಯಾವಾಗ ಬರುತ್ತಾಳೋ, ರಜೆ ಕೊಟ್ಟಾಗ ಬರುತ್ತಾಳೆ. ಮಗು ಚೆನ್ನಾಗಿಯೇ ಇತ್ತು. ಈ ವಾರ ಮಾತ್ರ ಊಟ ಸೇರುತ್ತಿಲ್ಲ.

“ಬಸ್ಸಲ್ಲಿ ಹೋದೋರು ಇಳಿದುಬಿಟ್ರೆ ಅಷ್ಟೇನಾ ಅಜ್ಜಿ, ವಾಪಸ್ ಬರಲ್ವಾ ಅಂತಾಳೆ. ಯಾರು ಹೇಳಿದ್ರು ಅಂದ್ರೆ, ಮಿಸ್ ಪುಸ್ತಕದಲ್ಲೇ ಇದೆ ಅಂತಾಳೆ. ಹೌದಾ ಟೀಚರ್, ಹಂಗಿದೆಯಾ?”

ಸ್ಕೇಲ್ ಮಿಸ್, ನೋಡಿ ಹೇಳ್ತೀನಿ ಎಂದಷ್ಟೇ ಹೇಳಿ ದಾಪುಗಾಲು ಹಾಕುತ್ತ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಪುಸ್ತಕವನ್ನು ಗಂಡನ ಮಡಿಲಿಗೆ ಹಾಕಿ, ಬಿಚ್ಚಿ ಎಂದರು.

ಅವರು ಹೆಂಡತಿಯ ಮುಖ ನೋಡಿದರು. ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡರು. “ನಾನು ಹೊಲಿದದ್ದು ಬಿಚ್ಚೋಕೆ ಬರಲಿ ಅಂತ ಹೊಲಿಯಲ್ಲ ಕಣೆ,” ಎನ್ನುತ್ತ ಸಣ್ಣ ಕತ್ತರಿ ತೆಗೆದುಕೊಂಡರು. ಒಂದೊಂದೇ ಹೊಲಿಗೆ ಕತ್ತರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪುಟಗಳ ಅಂಚಿನಲ್ಲಿ ದಬ್ಬಳದ ತೂತುಗಳು ಹಾಗೇ ಉಳಿದವು.

ಆ ನಾಲ್ಕು ಪುಟಗಳನ್ನು ಮಿಸ್ ಸ್ಟೂಲಿನ ಪಕ್ಕ ನಿಂತೇ ಓದಿದರು. ಓದಿದ ಮೇಲೂ ಅವರ ಗೊಂದಲ ತೀರಲಿಲ್ಲ, ಇನ್ನಷ್ಟು ಹೆಚ್ಚಿತು. ಇದನ್ನು ಕೂಡುವುದು ಎನ್ನಬೇಕೋ ಕಳೆಯುವುದು ಎನ್ನಬೇಕೋ ಅವರಿಗೆ ತಿಳಿಯದಾಯಿತು.

ಸೋಮವಾರ ಪರೀಕ್ಷೆಗೆ ಮುಂಚೆ ಅವರು ಪುಸ್ತಕ ಹಿಡಿದು ನಿಂತರು. ತಮ್ಮಿಂದ ಒಂದು ತಪ್ಪಾಗಿತ್ತು, ಕತೆ ಇನ್ನೂ ಇದೆ ಎಂದರು. ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಮಿಸ್ಸಿನಿಂದ ತಪ್ಪಾಗುವುದೂ ಉಂಟೆಂದು ಅವರಿಗೆ ಅಂದೇ ಗೊತ್ತಾದದ್ದು.

ಬಸ್ಸು ತಿರುಗಿತು. ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟಿತು. ಕೊನೆಗೆ ಇಳಿದವರು ಮೊದಲು ಹತ್ತಿದರು, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಮೇಕೆ ಹತ್ತಿತು, ಮೊಲ ಹತ್ತಿತು. ಕೊನೆಯ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು, ರಸ್ತೆಯ ತುದಿಯಲ್ಲಿ ಕಂಡೂ ಕಾಣದ ಹಾಗೆ ಒಂದು ಚುಕ್ಕೆ. ಪುಸ್ತಕ ಅಲ್ಲಿಗೆ ಮುಗಿದಿತ್ತು.

ಗುಬ್ಬಿ ಎದ್ದು ಬಂದು ಚಿತ್ರದ ಮೇಲೆ ಬೆರಳಿಟ್ಟು ಎಣಿಸಿದಳು.

“ಒಂಬತ್ತು. ಇನ್ನೂ ಒಬ್ಬರು ಬರಬೇಕು. ಬಸವನಹುಳು.”

ಹತ್ತರಲ್ಲಿ ಒಂಬತ್ತು ಕಳೆದರೆ ಒಂದು. ಲೆಕ್ಕ ಮಾಡಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮಿಸ್ ಅದನ್ನು ಹೇಳಲೂ ಹೋಗಲಿಲ್ಲ.

“ಬಸ್ಸು ಎಷ್ಟು ಹೊತ್ತು ಕಾಯುತ್ತೆ ಮಿಸ್?”

ಮಿಸ್ ಹಿಂದಿನ ರಟ್ಟನ್ನೂ ತಿರುವಿ ನೋಡಿದರು. ಅಲ್ಲೇನೂ ಇರಲಿಲ್ಲ. ಖಂಡಿತ ಬರುತ್ತೆ ಪುಟ್ಟ ಎಂದುಬಿಡಬಹುದಿತ್ತು, ಅದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ರಜೆ ಕೊಡುವವರು ಯಾರೋ, ಯಾವಾಗ ಕೊಡುತ್ತಾರೋ?

“ಗೊತ್ತಿಲ್ಲ ಗುಬ್ಬಿ,” ಎಂದರು.

ಗುಬ್ಬಿ ಚಿತ್ರವನ್ನು ಇನ್ನೊಂದು ಸಲ ನೋಡಿದಳು. “ಬಾಗಿಲು ತೆಗೆದೇ ಇದೆಯಲ್ಲ,” ಎಂದು ಮಿಸ್ಸಿಗೆ ಸಮಾಧಾನ ಹೇಳುವವಳಂತೆ ಹೇಳಿ, ಹೋಗಿ ಕೂತಳು.

ಸಂಜೆ ಉತ್ತರಪತ್ರಿಕೆಗಳ ನಡುವೆ ಅವಳದು ಬಂತು. ಕಳೆಯುವ ಲೆಕ್ಕಗಳೆಲ್ಲ ಇದ್ದವು, ಎಲ್ಲವೂ ಸರಿ. ಕೊನೆಯದು ಹತ್ತರಲ್ಲಿ ಹತ್ತು. ಗುಬ್ಬಿ ಸೊನ್ನೆ ಬರೆದು, ಅದರ ಪಕ್ಕದಲ್ಲಿ ಬಾಗಿಲು ತೆರೆದ ಒಂದು ಬಸ್ಸು ಬರೆದಿದ್ದಳು. ಉತ್ತರಪತ್ರಿಕೆಯಲ್ಲಿ ಚಿತ್ರ ಬರೆದರೆ ಅರ್ಧ ಅಂಕ ಕಡಿತ. ಅದೂ ಮಿಸ್ಸಿನದೇ ನಿಯಮ.

ಅವರು ಕೆಂಪು ಪೆನ್ನು ತೆಗೆದುಕೊಂಡರು. ಆ ಚಿತ್ರ ತಪ್ಪೋ, ಸರಿಯೋ, ಉತ್ತರದ ಭಾಗವೋ, ಹೊರಗಿನದೋ? ಕೇಳೋಣವೆಂದರೆ ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡಾರು. ಕೊನೆಗೆ ಸ್ಕೇಲು ತೆಗೆದುಕೊಂಡು, ಯಾವತ್ತಿನಂತೆ ಉತ್ತರದ ಕೆಳಗೆ ಎರಡು ಗೆರೆ ಎಳೆಯತೊಡಗಿದರು. ಗೆರೆಗಳು ಸೊನ್ನೆಯ ಕೆಳಗೆ ನಿಲ್ಲಲಿಲ್ಲ. ಬಸ್ಸಿನ ಚಕ್ರಗಳ ಅಡಿಯಲ್ಲಿ ಹಾದು, ರಸ್ತೆಯಾಗಿ, ಹಾಳೆಯ ಅಂಚಿನವರೆಗೂ ಹೋದವು.