ನೇರಳೆಗೆ ತಿರುಗಿದ ಲೆನ್ಸ್

ಇಂದು ಕಪಾಟು ಒರೆಸುವಾಗ ಅಪ್ಪನ ಹಳೆಯ ಕ್ಯಾಮೆರಾ ಸಿಕ್ಕಿತು. ಲೆನ್ಸಿನ ಕಪ್ಪು ಉಂಗುರ ಒಂದು ಬದಿಗೆ ನೇರಳೆಯಾಗಿದೆ.

ನಾವು ಮೊದಲಿದ್ದ ನಾರಾಯಣಗೂಡದ ಮನೆಯಲ್ಲಿ ಅದು ಕಿಟಕಿಯ ಪಕ್ಕದಲ್ಲೇ ಇರುತ್ತಿತ್ತು. ಬಣ್ಣ ಹೋದದ್ದು ಕಂಡ ದಿನ ಅಪ್ಪ ಅವ್ವನ ಮೇಲೆ ಹರಿಹಾಯ್ದರು.

"ಏನ್ ಹಚ್ಚಿ ತಿಕ್ಕೀದಿ?"

"ಒಣ ಅರಿವಿಲೇ ಒರಸೀನ್ರಿ." ಅವ್ವನ ಕಣ್ಣು ತುಂಬಿತು.

ಅಜ್ಜಿ ಅಪ್ಪನ ಕರಿ ಛತ್ರಿಯನ್ನೇ ತಂದು ಬಿಚ್ಚಿದರು. ಅದು ಕೆಂಪಗಾಗಿತ್ತು. "ಇದನ್ನೂ ಆಕೀನೇ ತಿಕ್ಯಾಳೇನೋ? ಬಿಸಲು ಬಡದೈತಿ. ಲೆನ್ಸ್ ಗ್ವಾಡಿ ಕಡೆ ಇದ್ದ ಮಗ್ಗಲಾ ಕರ್ರಗೇ ಐತಿ, ನೋಡು."

ಅಜ್ಜಿ ಹೇಳಿದ್ದು ಸರಿ. ಉಂಗುರದ ಅಲ್ಯೂಮಿನಿಯಂಗೆ ಹಿಡಿಸಿದ ಕಪ್ಪು ಬಣ್ಣ ವರ್ಷಗಟ್ಟಲೆ ಬಿಸಿಲು ಕಂಡರೆ ಹೀಗೆ ಕೆಡುತ್ತದೆ.

ಮರುದಿನ ಅಪ್ಪ ಅಂಗಳದಲ್ಲಿ ಅವ್ವನನ್ನು ನಿಲ್ಲಿಸಿ ಫೋಟೊ ತೆಗೆದರು. ಅವ್ವ ಬೇಕೆಂದೇ ಆ ಛತ್ರಿ ಹಿಡಿದು ನಕ್ಕಳು.

ಆ ಫೋಟೊವನ್ನು ನಾನು ಬಿಸಿಲು ಬೀಳದ ಗೋಡೆಗೆ ಹಾಕಿದ್ದೇನೆ.