ಇಬ್ಬರು ರತ್ನಮ್ಮ, ಒಂದೇ ಲಾಗಿನ್

2022ರಲ್ಲಿ ನಾನು ಕಡೂರಿನ ಒಂದು ಖಾಸಗಿ ಲ್ಯಾಬಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೆ. ರಕ್ತ ಕೊಟ್ಟವರು ರಿಪೋರ್ಟಿಗಾಗಿ ಮತ್ತೆ ಬಸ್ಸು ಹತ್ತುವುದು ಬೇಡ, ಮನೆಯಲ್ಲೇ ಫೋನಿನಲ್ಲಿ ನೋಡಿಕೊಳ್ಳಲಿ ಎಂದು ಲ್ಯಾಬಿನ ಡಾಕ್ಟರ್ ಮೇಡಂ ನನ್ನಿಂದ ಅದನ್ನು ಬರೆಸಿದ್ದರು. ತರೀಕೆರೆ, ಅಜ್ಜಂಪುರದ ಕಡೆಯವರೂ ಬಳಸುತ್ತಿದ್ದರು.

ಲಾಗಿನ್ ಎಂದರೆ ಬಂದವರು ನಿಜಕ್ಕೂ ಅವರೇನಾ ಎಂದು ಕಂಪ್ಯೂಟರ್ ಖಚಿತಪಡಿಸಿಕೊಳ್ಳುವ ಕೆಲಸ. ವಯಸ್ಸಾದವರಿಗೆ ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದು ನಾನು ಹೆಸರು ಮತ್ತು ಹುಟ್ಟಿದ ದಿನಾಂಕ ಎರಡನ್ನೇ ಕೇಳುವಂತೆ ಕೋಡ್ ಬರೆದೆ. ಎರಡೂ ಹೊಂದಿದರೆ ಖಾತೆ ತೆರೆಯುತ್ತಿತ್ತು. ಎಷ್ಟು ಸುಲಭ ಮಾಡಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಒಂದು ಬೆಳಿಗ್ಗೆ ಸಿಂಗಟಗೆರೆಯ ರತ್ನಮ್ಮ ಮೊದಲ ಬಸ್ಸಿಗೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಅವರು ಹಿಂದಿನ ವಾರ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟು ಹೋಗಿದ್ದವರು. ಫೋನನ್ನು ನನ್ನ ಮುಂದೆ ಹಿಡಿದರು.

"ನನ್ ಸೊಸೆ ಓದಿ ಹೇಳಿದ್ಲು. ಎದೇಲಿ ಗಂಟು, ಕ್ಯಾನ್ಸರು ಅಂತ ಬಂದೈತಂತೆ. ನನಗೆ ಗಂಟೂ ಇಲ್ಲ, ಏನೂ ಇಲ್ಲ ಕಣ್ರೀ. ಇದ್ಯಾರ್ದು? ಆ ತಾಯಿಗೆ ಗೊತ್ತೈತಾ?"

ಹುಡುಕಿದೆ. ಚೌಳಹಿರಿಯೂರಿನಲ್ಲಿ ಇನ್ನೊಬ್ಬ ರತ್ನಮ್ಮ ಇದ್ದರು. ಇಬ್ಬರ ಜನ್ಮದಿನವೂ ಒಂದೇ: 1974ರ ಜೂನ್ ಒಂದು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನನ್ನ ಅಮ್ಮನ ದಾಖಲೆಯಲ್ಲೂ ಅದೇ ತಾರೀಖು. ಆದರೂ ಕೋಡ್ ಬರೆಯುವಾಗ ಅದು ನನಗೆ ಹೊಳೆದಿರಲಿಲ್ಲ. ನನ್ನ ಕೋಡ್ ಇಬ್ಬರನ್ನೂ ಒಬ್ಬರೇ ಎಂದು ತಿಳಿದು, ರಿಪೋರ್ಟುಗಳನ್ನೆಲ್ಲ ಒಂದೇ ಖಾತೆಗೆ ಹಾಕಿತ್ತು.

ಕೂಡಲೇ ಲಾಗಿನ್ ನಿಲ್ಲಿಸಿ, ರಿಪೋರ್ಟನ್ನು ಲ್ಯಾಬಿನಲ್ಲೇ ಪಡೆಯಿರಿ ಎಂದು ಸೂಚನೆ ಹಾಕಿದೆ. ಆಮೇಲೆ ಯಾರು ಯಾವಾಗ ಬಂದು ಹೋದರು ಎಂಬ ದಾಖಲೆ ತೆರೆದೆ. ಮೂರು ದಿನದ ಹಿಂದೆ ಇನ್ನೊಂದು ಫೋನಿನಿಂದ ಚೌಳಹಿರಿಯೂರಿನವರೂ ಲಾಗಿನ್ ಆಗಿದ್ದರು. ಆಗಿನ್ನೂ ಅವರ ಗಂಟಿನ ಸೂಜಿ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಅವರು ನೋಡಿದ್ದು ಸಿಂಗಟಗೆರೆ ರತ್ನಮ್ಮನ ಥೈರಾಯ್ಡ್ ರಿಪೋರ್ಟು. ಅದರಲ್ಲಿ ಎಲ್ಲವೂ ನಾರ್ಮಲ್.

"ಅದಕ್ಕೇ ಆಕೆ ಮತ್ತೆ ಬಂದಿಲ್ಲ," ಎಂದರು ಡಾಕ್ಟರ್ ಮೇಡಂ. "ನಿನ್ನೆಯಿಂದ ಫೋನ್ ಮಾಡ್ತಿದೀನಿ, ಸ್ವಿಚ್ ಆಫ್. ನಾವೇ ಹೋಗೋಣ."

ಹೊರಡುವಾಗ ಮೇಡಂ ಸಿಂಗಟಗೆರೆ ರತ್ನಮ್ಮನ ಕೈ ಹಿಡಿದು, ಓದಿದ್ದನ್ನು ಯಾರಿಗೂ ಹೇಳಬೇಡಿ ಎಂದರು.

"ಸೊಸೆ ಬಾಯಿಗೂ ಬೀಗ ಹಾಕ್ಬಿಟ್ಟೇ ಬಂದಿದೀನಿ. ಆಸ್ಪತ್ರೆಗೆ ಜೊತೇಲಿ ಹೋಗೋರು ಯಾರೂ ಇಲ್ಲ ಅಂದ್ರೆ ಆಯಮ್ಮಂಗೆ ನನ್ ನಂಬರ್ ಕೊಡಿ. ನಾನ್ ಬತ್ತೀನಿ."

ಚೌಳಹಿರಿಯೂರಿನ ರತ್ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಮಕ್ಕಳ ಊಟ ಮುಗಿಸಿ ಪಾತ್ರೆ ಬೋರಲು ಹಾಕುತ್ತಿದ್ದರು. ಮೇಡಂ ಪಕ್ಕದಲ್ಲಿ ಕೂತು ನಿಧಾನವಾಗಿ ವಿಷಯ ಹೇಳಿದರು.

"ಏನೂ ಇಲ್ಲ ಅಂತ ಬಂದಿತ್ತಲ್ಲ ಮೇಡಂ?"

"ಅದು ನಿಮ್ಮದಲ್ಲಮ್ಮ," ಎಂದೆ. "ಇಬ್ಬರದೂ ಬೆರೆತುಹೋಗಿತ್ತು. ತಪ್ಪು ನನ್ನದು."

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಮೂರು ದಿನ ಚೆನ್ನಾಗಿ ನಿದ್ದೆ ಮಾಡ್ದೆ, ಬಿಡು ಮಗಾ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ಅತ್ತುಬಿಟ್ಟೆ.

ಅವರ ಗಂಡ ಲಾರಿ ಮೇಲೆ ದೂರ ಹೋಗಿದ್ದರು, ಮಗಳಿಗೆ ಕಾಲೇಜಿನ ಪರೀಕ್ಷೆ. ಹೀಗೊಬ್ಬರು ಜೊತೆಗೆ ಬರುತ್ತೇನೆ ಎಂದಿದ್ದಾರೆ ಎಂದು ಮೇಡಂ ತಿಳಿಸಿದಾಗ, ಅವರೇ ನಂಬರ್ ಕೇಳಿ ಬರೆದುಕೊಂಡರು. ಆ ವಾರವೇ ಇಬ್ಬರು ರತ್ನಮ್ಮಂದಿರೂ ಬೀರೂರಿನಲ್ಲಿ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದರು. ಗಂಟು ಚಿಕ್ಕದಿರುವಾಗಲೇ ಆಪರೇಷನ್ ಆಯಿತು.

ನಾನು ಎರಡು ದಿನ ಲ್ಯಾಬಿನಲ್ಲೇ ಕೂತು ಜೂನ್ ಒಂದರವರ ದಾಖಲೆಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಬೆರೆತಿದ್ದ ಇನ್ನೊಂದು ಜೋಡಿ ಸಿಕ್ಕಿತು. ಇಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಹೊಸ ಲಾಗಿನ್‌ನಲ್ಲಿ ರಸೀದಿಯ ಮೇಲಿನ ಸಂಖ್ಯೆ ಬೇಕು, ಫೋನಿಗೆ ಬರುವ ಒಟಿಪಿಯೂ ಬೇಕು. ರಿಪೋರ್ಟಿನ ತಲೆಯಲ್ಲಿ ಊರಿನ ಹೆಸರು ಬರುತ್ತದೆ. ಕೋಡಿಗೆ ಸ್ವಲ್ಪ ಅನುಮಾನ ಬಂದರೂ ಏನನ್ನೂ ತೆರೆಯುವುದಿಲ್ಲ.

ಒಂದು ವರ್ಷದ ಮೇಲೆ ಚೌಳಹಿರಿಯೂರಿನ ರತ್ನಮ್ಮ ಮರುಪರೀಕ್ಷೆಯ ರಿಪೋರ್ಟು ನೋಡಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಟಿಪಿಯ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದಿ ಒತ್ತಿದರು. ರಿಪೋರ್ಟು ತೆರೆಯಿತು. ನನ್ನ ಕಣ್ಣು ನೇರ ಫಲಿತಾಂಶಕ್ಕೆ ಓಡಿತು. ಅವರು ಮಾತ್ರ ಮೇಲಿನ ಸಾಲಿನ ಮೇಲೆ ಬೆರಳಿಟ್ಟು, "ಚೌಳಹಿರಿಯೂರು ಅಂತೈತೆ. ನಂದೇ," ಎಂದರು. ಆಮೇಲೆ ಕೆಳಗೆ ನಾರ್ಮಲ್ ಎಂದಿದ್ದುದನ್ನು ನೋಡಿ ನಕ್ಕರು.

ಜನರಿಗೆ ಸುಲಭ ಮಾಡಿಕೊಡುವುದೇ ಅವರ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಒಬ್ಬರನ್ನು ಇನ್ನೊಬ್ಬರೆಂದು ತಿಳಿಯದೆ, ಅವರನ್ನು ಅವರೆಂದೇ ಗುರುತಿಸುವುದು ಅದಕ್ಕಿಂತ ದೊಡ್ಡ ಪ್ರೀತಿ ಎಂದು ಈ ಕೆಲಸ ನನಗೆ ಕಲಿಸಿತು.